ಕಡಲಾಚೆಯಿಂದ ಬಂದು ಬಾಳು ಸವೆಸಿದವರು

ಕನ್ನಡದ ಯಾವುದಾದರೂ ಒಂದು ಶಬ್ದದ ಅರ್ಥದಲ್ಲಿ ಸಂದೇಹ ಬಂದಾಗ, “ಕಿಟ್ಟೆಲಿನಲ್ಲಿ ಏನಿದೆಯೋ ನೋಡಿ” ಎಂದು ನಾವು ಒಬ್ಬರಿಗೊಬ್ಬರು ಹೇಳುವುದುಂಟು. ಹಾಗೆ ಹೇಳುವಾಗ ನಮ್ಮ ಕಣ್ಣಿನ ಮುಂದೆ ನಿಲ್ಲುವುದು ದಪ್ಪನಾದ ಒಂದು ಪುಸ್ತಕವೇ ಹೊರತು ಒಬ್ಬ ಮನುಷ್ಯನಲ್ಲ. ಮನುಷ್ಯನ ಹೆಸರು ಪುಸ್ತಕದ ಹೆಸರಾಗಿ ಹೋಗಿದೆ. ಆ ಮನುಷ್ಯನು ಎಲ್ಲಿಂದ ಬಂದನು, ಏತಕ್ಕಾಗಿ ಬಂದನು, ಅವನನ್ನು ಕಳುಹಿಸಿದವರು ಯಾರು, ಬಂದ ಮೇಲೆ ಅವನು ಗಳಿಸಿದುದೇನು, ಕಳೆದುಕೊಂಡುದೇನು ಎಂಬುದನ್ನು ವಿಚಾರಿಸುವವರು ವಿರಳ. ಈ ಭಾಷಣದಲ್ಲಿ ಅದನ್ನು ಸ್ವಲ್ಪ ವಿಚಾರಿಸೋಣ.

ಕಿಟ್ಟೆಲರು ಕ್ರೈಸ್ತ ಮಿಷನರಿಗಳಾಗಿದ್ದರು. ಸ್ವದೇಶವನ್ನು ಬಿಟ್ಟು, ಪರದೇಶದ ಜನರ ನಡುವೆ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳನ್ನು ಕಳೆಯುವುದನ್ನೇ ಬಾಳಿನ ಉದ್ಯೋಗವನ್ನಾಗಿ ಮಾಡಿಕೊಂಡ ಜನರ ವರ್ಗವೊಂದಿದೆ. ಅವರು ಆ ವರ್ಗಕ್ಕೆ ಸೇರಿದವರು. ಇಂತಹವರನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತು ರೂಢಿಯಲ್ಲಿದೆ. ಅವರೆಲ್ಲರೂ ಪರೋಪಕಾರಕ್ಕಾಗಿ ಜನಿಸಿದ ಮಹಾತ್ಮರು ಎಂಬುದು ಒಂದು. ಮತಾಂತರಕ್ಕಾಗಿ ಬಲೆಯೊಡ್ಡಿದವರು ಎಂಬುದು ಇನ್ನೊಂದು. ಎರಡೂ ಸುಲಭವಾದ ಮಾತುಗಳು. ಮೂವತ್ತು ವರ್ಷಗಳ ಕಾಲ ಒಂದೂರಿನ ನೀರು ಕುಡಿದು, ಅಲ್ಲಿಯ ಮಾತನ್ನಾಡಿ, ತನ್ನವರನ್ನು ಅಲ್ಲಿಯ ಮಣ್ಣಿಗೆ ಒಪ್ಪಿಸಿದವನ ಬಾಳು ಅಷ್ಟು ಸುಲಭವಾಗಿ ಒಂದು ಮಾತಿನಲ್ಲಿ ಅಡಗುವುದಿಲ್ಲ. ನಮಗೆ ಅತ್ಯಂತ ಸಮೀಪದ ಉದಾಹರಣೆಯಾದ ಬಾಸೆಲ್ ಮಿಷನ್ನಿನವರನ್ನೇ ತೆಗೆದುಕೊಂಡು ಈ ವಿಷಯವನ್ನು ಪರಿಶೀಲಿಸಬಹುದು.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನಲ್ಲಿ, ರೈನ್ ನದಿಯ ದಡದಲ್ಲಿರುವ ಪಟ್ಟಣ. ೧೮೧೫ರಲ್ಲಿ ಅಲ್ಲಿ ಈ ಮಿಷನ್ ಸಂಘವು ಹುಟ್ಟಿತು. ಸಂಘವು ಸ್ವಿಟ್ಜರ್ಲೆಂಡಿನದಾದರೂ ಅದರ ಕೆಲಸಕ್ಕೆ ಹೊರಟವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಆ ಸೀಮೆಯ ಹಳ್ಳಿಗಳಲ್ಲಿ ಪ್ರಬಲವಾಗಿದ್ದ ಒಂದು ಭಕ್ತಿಪಂಥವು ಆಡಂಬರವನ್ನು ನಿಂದಿಸಿ, ಹೃದಯಶುದ್ಧಿಯನ್ನೂ ಕಾಯಕವನ್ನೂ ಎತ್ತಿ ಹಿಡಿಯುತ್ತಿದ್ದಿತು. ರೈತರ, ನೇಕಾರರ, ಬಡಗಿಗಳ ಮಕ್ಕಳು ಅನೇಕರು ಬಾಸೆಲಿನ ಶಿಕ್ಷಣಶಾಲೆಯನ್ನು ಸೇರಿ, ಕೆಲವು ವರ್ಷ ವೇದಾಂತವನ್ನೂ ಭಾಷೆಗಳನ್ನೂ ಕಲಿತು, ಸಂಘವು ಕಳುಹಿಸಿದ ಕಡೆಗೆ ಹೊರಡುತ್ತಿದ್ದರು. ವಿಶ್ವವಿದ್ಯಾನಿಲಯದಲ್ಲಿ ಓದಿದವರು ಅವರಲ್ಲಿ ಕೆಲವರೇ.

ಇಂಡಿಯಾ ದೇಶದ ಬಾಗಿಲು ಅವರಿಗೆ ಮೊದಲು ತೆರೆದಿರಲಿಲ್ಲ. ಈಸ್ಟ್ ಇಂಡಿಯಾ ಕಂಪೆನಿಯು ವ್ಯಾಪಾರಕ್ಕೂ ಆಡಳಿತಕ್ಕೂ ತೊಡಕಾದೀತೆಂಬ ಭಯದಿಂದ ಮಿಷನರಿಗಳನ್ನು ದೂರವಿಟ್ಟಿದ್ದಿತು. ೧೮೧೩ರ ಸನ್ನದಿನಿಂದ ಬ್ರಿಟಿಷ್ ಮಿಷನರಿಗಳಿಗೆ ಅನುಕೂಲವಾಯಿತು. ೧೮೩೩ರ ಸನ್ನದಿನಿಂದ ಇತರ ದೇಶದವರಿಗೂ ದಾರಿಯಾಯಿತು. ಮರು ವರ್ಷವೇ, ಅಂದರೆ ೧೮೩೪ರಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಶ್ಚಿಮ ಕರಾವಳಿಯಲ್ಲಿ ಇಳಿದು ಮಂಗಳೂರನ್ನು ಸೇರಿದರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ಹೀಗೆ ಅವರ ಠಾಣ್ಯಗಳು ಘಟ್ಟದ ಮೇಲಕ್ಕೂ ಹಬ್ಬಿದವು.

ಈ ಜನರ ಬಾಳು ಎಂತಹುದಾಗಿತ್ತೆಂಬುದನ್ನು ತಿಳಿಯಲು ಅವರನ್ನು ಕಟ್ಟಿಹಾಕಿದ್ದ ನಿಯಮಗಳನ್ನು ನೋಡಬೇಕು. ಕಂಪೆನಿಯ ನೌಕರನು ಸಂಬಳಕ್ಕಾಗಿ ಬಂದು, ಹಣವನ್ನು ಕೂಡಿಹಾಕಿಕೊಂಡು ಹಿಂದಿರುಗುತ್ತಿದ್ದನು. ಮಿಷನರಿಗೆ ದೊರೆಯುತ್ತಿದ್ದುದು ಜೀವನಕ್ಕೆ ಸಾಕಾಗುವಷ್ಟು ಮಾತ್ರ. ಎಲ್ಲಿ ವಾಸಿಸಬೇಕು, ಯಾವ ಭಾಷೆಯನ್ನು ಕಲಿಯಬೇಕು, ಯಾವಾಗ ಬೇರೆ ಠಾಣ್ಯಕ್ಕೆ ಹೋಗಬೇಕು, ಇವೆಲ್ಲವೂ ಬಾಸೆಲಿನಲ್ಲಿ ಕುಳಿತ ಸಮಿತಿಯ ಅಪ್ಪಣೆ. ಅವಿವಾಹಿತನಾಗಿಯೇ ಹೊರಡಬೇಕು, ಕೆಲವು ವರ್ಷ ಕೆಲಸ ಮಾಡಿ ತೋರಿಸಿದ ಮೇಲೆ ವಿವಾಹಕ್ಕೆ ಅನುಮತಿಯನ್ನು ಬೇಡಬೇಕು. ಅನೇಕ ವೇಳೆ ವಧುವನ್ನು ಸಮಿತಿಯೇ ಗೊತ್ತುಮಾಡಿ ಹಡಗಿನಲ್ಲಿ ಕಳುಹಿಸುತ್ತಿದ್ದಿತು. ವರನು ಆಕೆಯ ಮುಖವನ್ನು ಮೊದಲು ನೋಡುತ್ತಿದ್ದುದು ಬಂದರಿನಲ್ಲಿ. ಹಿರಿಯರು ಗೊತ್ತುಮಾಡಿದ ವಿವಾಹವು ನಮಗೇನೂ ಅಪೂರ್ವವಲ್ಲ. ಆದರೆ ನಮ್ಮ ಹೆಣ್ಣುಮಗಳು ತವರನ್ನು ಬಿಟ್ಟು ಪಕ್ಕದ ಊರಿಗೆ ಹೋಗುತ್ತಿದ್ದಳು, ಈಕೆಯಾದರೋ ಸಮುದ್ರಗಳನ್ನು ದಾಟಿ, ತವರನ್ನು ಮತ್ತೆ ಕಾಣುವೆನೆಂಬ ಭರವಸೆಯಿಲ್ಲದೆ ಬರುತ್ತಿದ್ದಳು.

ಬಂದವನ ಮೊದಲ ಕೆಲಸ ಉಪದೇಶವಲ್ಲ, ಅಕ್ಷರಾಭ್ಯಾಸ. ಇದು ಗಮನಿಸಬೇಕಾದ ವಿಷಯ. ಮಂಗಳೂರಿನಲ್ಲಿ ಮನೆಗೊಂದು ಮಾತು: ತುಳು, ಕೊಂಕಣಿ, ಕನ್ನಡ, ಅತ್ತ ದಕ್ಷಿಣಕ್ಕೆ ಮಲಯಾಳ. ಸಂತೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು, ದೇವಸ್ಥಾನದಲ್ಲಿ ಮತ್ತೊಂದು. ಇವುಗಳಲ್ಲಿ ಯಾವುದನ್ನು ಕಲಿಯಬೇಕೆಂದು ಆರಿಸಿಕೊಂಡು, ಒಬ್ಬ ಮುನಿಷಿಯನ್ನೋ ಪಂಡಿತರನ್ನೋ ಹುಡುಕಿ, ಅವರ ಮುಂದೆ ಪುಟ್ಟ ಹುಡುಗನಂತೆ ಕುಳಿತು ಕಲಿಯಬೇಕಾಗಿತ್ತು. ಗುರುವಾಗಲೆಂದು ಬಂದವನು ಮೊದಲು ಶಿಷ್ಯನಾಗದೆ ಗತಿಯಿರಲಿಲ್ಲ. ಆ ಶಿಷ್ಯತ್ವವು ಒಂದೆರಡು ವರ್ಷಗಳಲ್ಲಿ ಮುಗಿಯುವಂತಹುದೂ ಆಗಿರಲಿಲ್ಲ. ಸಂತೆಯ ಮಾತನ್ನು ಕಲಿತವನಿಗೆ ಗಾದೆ ಅರ್ಥವಾಗುವುದಿಲ್ಲ. ಗಾದೆಯನ್ನು ಅರಿತವನಿಗೆ ಪುರಾಣ ತಿಳಿಯುವುದಿಲ್ಲ. ಪುರಾಣವನ್ನು ಓದಹೊರಟವನಿಗೆ ವ್ಯಾಕರಣವೂ ಛಂದಸ್ಸೂ ಬೇಕಾಗುತ್ತವೆ. ಹೀಗೆ ಒಂದು ಮೆಟ್ಟಿಲು ಇನ್ನೊಂದು ಮೆಟ್ಟಿಲಿಗೆ ಕರೆದೊಯ್ಯುತ್ತದೆ. ಅಲ್ಪಕಾಲ ಇದ್ದು ಹೋದವರು ಮೊದಲನೆಯ ಮೆಟ್ಟಿಲಿನಲ್ಲಿಯೇ ನಿಂತರು. ದೀರ್ಘಕಾಲ ಇದ್ದವರಲ್ಲಿ ಕೆಲವರು ಮೇಲಕ್ಕೆ ಏರಿದರು. ಅವರು ನಮಗೆ ಮಾಡಿಕೊಟ್ಟ ಕೆಲಸದ ಗುಟ್ಟೆಲ್ಲ ಈ ದೀರ್ಘವಾಸದಲ್ಲಿದೆಯೆಂದು ನಮ್ಮ ಅಭಿಪ್ರಾಯ.

ಹಾಗೆ ಏರಿದವರಲ್ಲಿ ಮೊದಲಿಗರು ಹರ್ಮನ್ ಮೋಗ್ಲಿಂಗರು. ೧೮೧೧ರಲ್ಲಿ ವುರ್ಟೆಂಬರ್ಗಿನಲ್ಲಿ ಜನಿಸಿ, ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಓದಿ, ೧೮೩೬ರಲ್ಲಿ ಇಂಡಿಯಾಕ್ಕೆ ಬಂದರು. ೧೮೪೩ನೆಯ ಜುಲೈ ೧ರಂದು ಅವರು ‘ಮಂಗಳೂರ ಸಮಾಚಾರ’ವೆಂಬ ಪತ್ರಿಕೆಯನ್ನು ಹೊರಡಿಸಿದರು. ಅಚ್ಚಿನ ಮೊಳೆಗಳಿಲ್ಲದ ಕಾಲ. ಕಲ್ಲಚ್ಚಿನಲ್ಲಿ ಮುದ್ರಿಸಿದ ನಾಲ್ಕು ಪುಟಗಳ ಪಾಕ್ಷಿಕ ಅದು. ಊರ ವರ್ತಮಾನ, ಸರ್ಕಾರದ ನಿರೂಪಗಳು, ಹೊರ ರಾಜ್ಯಗಳ ಸುದ್ದಿ, ಕಥೆ, ಹಾಡು, ಇವೆಲ್ಲವೂ ಅದರಲ್ಲಿ ಇರುತ್ತಿದ್ದವು. ಪತ್ರಿಕೆಯು ಮಂಗಳೂರಿನಲ್ಲಿ ಕೆಲವೇ ತಿಂಗಳು ನಡೆದು, ಬಳಿಕ ಬಳ್ಳಾರಿಗೆ ಹೋಗಿ ಹೆಸರನ್ನು ಬದಲಾಯಿಸಿಕೊಂಡು, ಬೇಗನೆ ನಿಂತುಹೋಯಿತು. ಆದರೂ ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಅದನ್ನೇ ಎಣಿಸಿ, ಕರ್ನಾಟಕದಲ್ಲಿ ಇಂದಿಗೂ ಜುಲೈ ೧ನ್ನು ಪತ್ರಿಕಾ ದಿನವನ್ನಾಗಿ ಆಚರಿಸುತ್ತೇವೆ.

ಮೋಗ್ಲಿಂಗರ ಎರಡನೆಯ ಕಾರ್ಯವು ಇದಕ್ಕಿಂತಲೂ ದೊಡ್ಡದು. ತಾಳೆಗರಿಯಲ್ಲಿಯೂ ಕಡತದಲ್ಲಿಯೂ ಇದ್ದ ಕನ್ನಡ ಗ್ರಂಥಗಳನ್ನು ಸಂಪಾದಿಸಿ, ಪ್ರತಿಗಳನ್ನು ಹೋಲಿಸಿ, ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ೧೮೪೮ರಿಂದ ಮುಂದಕ್ಕೆ ಮುದ್ರಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದುವು ಈ ಮಾಲೆಯಲ್ಲಿ ಸೇರಿದುವು. ಸುವಾರ್ತೆಯನ್ನು ಸಾರಲು ಭಕ್ತರು ಕಾಸು ಕಾಸಾಗಿ ಕೂಡಿಸಿಕೊಟ್ಟ ಹಣವನ್ನು ಬಸವಪುರಾಣದ ಮುದ್ರಣಕ್ಕೆ ವೆಚ್ಚ ಮಾಡುವುದು ಮಿಷನ್ನಿಗೆ ಹೇಗೆ ಸಾಧ್ಯ? ಆ ವೆಚ್ಚವನ್ನು ಹೊತ್ತವರು ಕಾಸಮೇಜರ್ ಎಂಬ ಕಂಪೆನಿಯ ನಿವೃತ್ತ ನ್ಯಾಯಾಧೀಶರು. ಇಲ್ಲಿ ಒಂದು ಕ್ಷಣ ನಿಂತು ಆಲೋಚಿಸೋಣ. ಬೀದಿಯಲ್ಲಿ ತಂಬೂರಿ ಹಿಡಿದು ಹಾಡಿಕೊಂಡು ಹೋಗುತ್ತಿದ್ದ ದಾಸಯ್ಯನ ಪದಗಳನ್ನು ನಮ್ಮ ವಿದ್ವಾಂಸರಲ್ಲಿ ಎಷ್ಟೋ ಮಂದಿ ಆ ಕಾಲದಲ್ಲಿ ಸಾಹಿತ್ಯವೆಂದೇ ಎಣಿಸುತ್ತಿರಲಿಲ್ಲ. ಅವು ಮೊದಲು ಪುಸ್ತಕರೂಪದಲ್ಲಿ ಅಚ್ಚಾದುದು ೧೮೫೦ರಲ್ಲಿ, ಹರಿಯನ್ನು ದೇವರೆಂದು ಒಪ್ಪದ ಒಬ್ಬ ಪಾದ್ರಿಯ ಕೈಯಿಂದ. ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಮೋಗ್ಲಿಂಗರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟುದು ಈ ಸಾಹಿತ್ಯಸೇವೆಗಾಗಿ.

ಆದರೆ ಕಥೆಯ ಒಂದೇ ಮುಖವನ್ನು ಹೇಳಿ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರವಾದೀತು. ಈ ಮಹನೀಯರು ನಮ್ಮ ಗ್ರಂಥಗಳನ್ನು ಓದಿದುದು ಮೊದಮೊದಲು ಅವುಗಳ ಮೇಲಣ ಪ್ರೀತಿಯಿಂದಲ್ಲ. ಎದುರಾಳಿಯ ಕೋಟೆಯ ನಕ್ಷೆಯನ್ನು ತಿಳಿಯುವ ಉದ್ದೇಶವೂ ಅದರಲ್ಲಿದ್ದಿತು. ಸಂತೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಅವರು ಹಂಚಿದ ಕಿರುಹೊತ್ತಗೆಗಳಲ್ಲಿ ನಮ್ಮ ದೇವತೆಗಳನ್ನೂ ಆಚಾರಗಳನ್ನೂ ಹಳಿದ ಮಾತುಗಳು ಬಹಳವಾಗಿವೆ. ಇಂದು ಓದಿದರೂ ನೋವಾಗುವಂತಹ ಮಾತುಗಳು. ಜನರು ಅವರ ಮೇಲೆ ಮಣ್ಣನ್ನೂ ಸೆಗಣಿಯನ್ನೂ ಎಸೆದುದೂ ಉಂಟು.

೧೮೪೪ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ಬ್ರಾಹ್ಮಣ ತರುಣರು ಮಂಗಳೂರಿನಲ್ಲಿ ಕ್ರೈಸ್ತ ದೀಕ್ಷೆಯನ್ನು ಪಡೆದಾಗ ಪಟ್ಟಣದಲ್ಲಿ ದೊಡ್ಡ ಕ್ಷೋಭೆಯುಂಟಾಯಿತು. ಆ ತರುಣರ ಪತ್ನಿಯನ್ನು ಆಕೆಯ ಬಂಧುಗಳು ಗಂಡನ ಬಳಿಗೆ ಕಳುಹಿಸಲಿಲ್ಲ. ಮೋಗ್ಲಿಂಗರು ಕೌಂಡಿನ್ಯರನ್ನು ಮಗನಂತೆ ಕಂಡು, ೧೮೪೬ರಲ್ಲಿ ಬಾಸೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಓದಿ, ೧೮೫೧ರಲ್ಲಿ ಪಾದ್ರಿಯ ದೀಕ್ಷೆಯನ್ನು ಹೊಂದಿ, ಕೌಂಡಿನ್ಯರು ಸ್ವದೇಶಕ್ಕೆ ಹಿಂದಿರುಗಿ ಬಹುಕಾಲ ಸೇವೆಮಾಡಿದರು. ಮಿಷನ್ನಿನ ವರದಿಯಲ್ಲಿ ಇದು ಜಯದ ವೃತ್ತಾಂತ. ಆದರೆ ಮಂಗಳೂರಿನ ಆ ಮನೆಯಲ್ಲಿ ಮಗನು ಬದುಕಿರುವಾಗಲೇ ಮಗನನ್ನು ಕಳೆದುಕೊಂಡವರ ದುಃಖವನ್ನೂ, ಗಂಡನಿದ್ದೂ ಇಲ್ಲದವಳಾದ ಆ ಹುಡುಗಿಯ ಬಾಳನ್ನೂ ಬರೆದಿಡಲು ಯಾವ ವರದಿಯೂ ಇರಲಿಲ್ಲ. ಕೌಂಡಿನ್ಯರು ತಮ್ಮ ಬುದ್ಧಿಯಿಂದಲೇ ಆ ಮಾರ್ಗವನ್ನು ಆರಿಸಿಕೊಂಡವರೆಂಬುದು ನಿಜ. ಅವರ ಮನೆಯವರ ವ್ಯಥೆಯೂ ಅಷ್ಟೇ ನಿಜ.

ಮಕ್ಕಳನ್ನು ಕಳೆದುಕೊಳ್ಳುವ ಈ ವ್ಯಥೆಯು ಒಂದು ಪಕ್ಷಕ್ಕೆ ಮಾತ್ರ ಮೀಸಲಾಗಿರಲಿಲ್ಲ. ಮಿಷನರಿಯ ಮಕ್ಕಳು ಈ ದೇಶದ ಹವೆಯಲ್ಲಿ ಬದುಕುವುದು ಕಷ್ಟ. ಬದುಕಿದರೂ ಇಲ್ಲಿಯವರಾಗಿಯೇ ಬೆಳೆದುಬಿಡುವರೆಂಬ ಅಂಜಿಕೆ. ಆದುದರಿಂದ ಎಳೆಯ ವಯಸ್ಸಿನಲ್ಲಿಯೇ ಅವರನ್ನು ಯೂರೋಪಿಗೆ ಕಳುಹಿಸಬೇಕೆಂಬ ಏರ್ಪಾಡಾಯಿತು. ೧೮೫೩ರಿಂದ ಮುಂದಕ್ಕೆ ಇದು ಸಂಘದ ವಿಧಿಯೇ ಆಗಿ, ಇಂತಹ ಮಕ್ಕಳಿಗಾಗಿ ಬಾಸೆಲಿನಲ್ಲಿ ವಸತಿಗೃಹಗಳು ಏರ್ಪಟ್ಟವು. ಮಲಯಾಳ ಭಾಷೆಯ ಮಹಾನಿಘಂಟನ್ನು ರಚಿಸಿದ ಹರ್ಮನ್ ಗುಂಡರ್ಟರು ಮೋಗ್ಲಿಂಗರ ಸ್ನೇಹಿತರು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಈ ದೇಶದಲ್ಲಿದ್ದವರು. ಅವರ ಮಗಳು ಮೇರಿ ೧೮೪೨ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ತಂದೆತಾಯಿಗಳು ಆಕೆಯನ್ನು ಎಳೆಯ ಮಗುವಾಗಿದ್ದಾಗಲೇ ಯೂರೋಪಿನಲ್ಲಿ ಬಿಟ್ಟು ಹಿಂದಿರುಗಿದರು. ಆಕೆ ಮತ್ತೆ ಅವರ ಬಳಿಗೆ ಬಂದುದು ೧೮೫೭ರಲ್ಲಿ, ಹದಿನೈದು ವರ್ಷದ ಕನ್ಯೆಯಾಗಿ. ಮುಂದೆ ಜರ್ಮನ್ ಸಾಹಿತ್ಯದಲ್ಲಿ ಪ್ರಸಿದ್ಧನಾದ ಹರ್ಮನ್ ಹೆಸ್ಸೆಯು ಈಕೆಯ ಮಗನು. ಅನ್ಯರ ಮಕ್ಕಳಿಗೆ ಪಾಠಶಾಲೆಯನ್ನು ತೆರೆದು, ಅನ್ಯರ ಅನಾಥರನ್ನು ಸಾಕಿದ ತಾಯಿಯು ತನ್ನ ಮಗುವನ್ನು ಹಡಗು ಹತ್ತಿಸಿ ಪರರ ಕೈಗೆ ಒಪ್ಪಿಸಬೇಕಾದ ಈ ವಿಪರ್ಯಾಸವು ಮಿಷನ್ನಿನ ಎಷ್ಟೋ ಮನೆಗಳಲ್ಲಿ ನಡೆಯಿತು. ದೀರ್ಘಸೇವೆಯೆಂಬ ಮಾತಿಗೆ ತೆತ್ತ ಬೆಲೆಯಲ್ಲಿ ಇದೇ ಅತ್ಯಂತ ದುಬಾರಿಯಾದುದೆಂದು ತೋರುತ್ತದೆ. ಅದನ್ನು ತೆತ್ತವರು ಯಾರೂ ಕೇಳಿ ಒಪ್ಪಿಗೆ ಪಡೆಯದಿದ್ದ ಮಕ್ಕಳು.

ಮತವನ್ನು ಬದಲಾಯಿಸಿದವರ ಪಾಡೂ ಸುಲಭವಾಗಿರಲಿಲ್ಲ. ಜಾತಿಯಿಂದ ಹೊರಬಿದ್ದವನಿಗೆ ಕುಲಕಸುಬು ತಪ್ಪಿತು, ಗೇಣಿಯ ಭೂಮಿ ತಪ್ಪಿತು, ಬಾವಿಯ ನೀರೂ ತಪ್ಪಿತು. ಅವನಿಗೆ ಅನ್ನದ ದಾರಿಯನ್ನು ತೋರಿಸಬೇಕಾದ ಹೊಣೆ ಮಿಷನ್ನಿನ ಮೇಲೆ ಬಿದ್ದಿತು. ಬಾಸೆಲಿನಿಂದ ಬಂದವರಲ್ಲಿ ಕಸುಬುದಾರರ ಮಕ್ಕಳೇ ಹೆಚ್ಚಾಗಿದ್ದುದು ಇಲ್ಲಿ ಉಪಯೋಗಕ್ಕೆ ಬಂದಿತು. ನೇಯ್ಗೆಯ ಶಾಲೆ, ಪುಸ್ತಕದ ರಟ್ಟು ಕಟ್ಟುವ ಶಾಲೆ, ಮುದ್ರಣಾಲಯ, ಹೀಗೆ ಒಂದೊಂದೇ ಹುಟ್ಟಿದವು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನೇತ್ರಾವತಿಯ ದಡದ ಜೇಡಿಮಣ್ಣು ಇದಕ್ಕೆ ಬಹು ಅನುಕೂಲವಾಗಿ ಪರಿಣಮಿಸಿತು. ಮಳೆಗಾಲಕ್ಕೆ ವರ್ಷ ವರ್ಷವೂ ಹುಲ್ಲು ಹೊದಿಸಬೇಕಾಗಿದ್ದ, ಬೆಂಕಿಯ ಕಿಡಿ ಬಿದ್ದರೆ ಕೇರಿಯೇ ಉರಿದುಹೋಗುತ್ತಿದ್ದ ಮನೆಗಳಿಗೆ ಮಂಗಳೂರು ಹೆಂಚು ಭದ್ರವಾದ ಮಾಡನ್ನು ಕೊಟ್ಟಿತು. ಮತಪ್ರಚಾರಕ್ಕೆಂದು ಬಂದವರ ಕೆಲಸಗಳಲ್ಲಿ ಎಲ್ಲ ಮತದವರ ತಲೆಯ ಮೇಲೂ ನಿಂತುದು ಇದೊಂದೇ ಇರಬೇಕು.

ಈಗ ನಾವು ಆರಂಭದಲ್ಲಿ ಹೆಸರಿಸಿದ ಫರ್ಡಿನಂಡ್ ಕಿಟ್ಟೆಲರ ಕಡೆಗೆ ಹಿಂದಿರುಗೋಣ. ಅವರು ೧೮೩೨ರಲ್ಲಿ ಜರ್ಮನಿಯ ವಾಯವ್ಯ ಮೂಲೆಯ ಸಮುದ್ರತೀರದ ಸೀಮೆಯಲ್ಲಿ ಜನಿಸಿದರು. ಬಾಸೆಲಿನಲ್ಲಿ ಶಿಕ್ಷಣವನ್ನು ಮುಗಿಸಿಕೊಂಡು ೧೮೫೩ರಲ್ಲಿ ಇಂಡಿಯಾಕ್ಕೆ ಬಂದಾಗ ವಯಸ್ಸು ಇಪ್ಪತ್ತೊಂದು. ಧಾರವಾಡ, ಮಂಗಳೂರು, ಮಡಿಕೇರಿ ಮೊದಲಾದ ಸ್ಥಳಗಳಲ್ಲಿ ಅವರ ಬಾಳು ಕಳೆಯಿತು. ಅವರ ರೀತಿನೀತಿಗಳು ಮೇಲಿನವರಿಗೆ ಎಲ್ಲ ಕಾಲದಲ್ಲಿಯೂ ಹಿಡಿಸುತ್ತಿರಲಿಲ್ಲ. ಜನರ ಭಾಷೆಯನ್ನೂ ಭಾವವನ್ನೂ ಒಳಹೊಕ್ಕು ತಿಳಿಯದೆ ಅವರಿಗೆ ಏನನ್ನು ಹೇಳಿಯೂ ಫಲವಿಲ್ಲವೆಂಬುದು ಕಿಟ್ಟೆಲರ ನಂಬಿಕೆ. ೧೮೬೨ರಲ್ಲಿ ‘ಕಥಾಮಾಲೆ’ಯೆಂಬ ಹೆಸರಿನಿಂದ ಯೇಸುಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ, ನಮ್ಮ ಕವಿಗಳ ಧಾಟಿಯಲ್ಲಿ, ರಚಿಸಿ ಪ್ರಕಟಿಸಿದರು. ಅವರ ಮೊದಲ ಪತ್ನಿಯು ವಿವಾಹವಾದ ಕೆಲವೇ ವರ್ಷಗಳಲ್ಲಿ, ೧೮೬೪ರಲ್ಲಿ, ತೀರಿಕೊಂಡರು. ಮುಂದೆ ಆಕೆಯ ಸೋದರಿಯೇ ಅವರ ಕೈಹಿಡಿದರು.

ಕಾವ್ಯದಿಂದ ಛಂದಸ್ಸಿಗೆ, ಛಂದಸ್ಸಿನಿಂದ ವ್ಯಾಕರಣಕ್ಕೆ ಅವರು ಇಳಿದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ೧೮೭೨ರಲ್ಲಿಯೂ, ನಾಗವರ್ಮನ ‘ಛಂದೋಂಬುಧಿ’ಯನ್ನು ೧೮೭೫ರಲ್ಲಿಯೂ ಸಂಪಾದಿಸಿ ಅಚ್ಚುಮಾಡಿಸಿದರು. ಆ ವೇಳೆಗೆ ನಿಘಂಟಿನ ಕಾರ್ಯವೂ ಅವರನ್ನು ಹಿಡಿದಿತ್ತು. ೧೮೭೭ರಲ್ಲಿ ಜರ್ಮನಿಗೆ ಮರಳಿದರು. ಅಲ್ಲಿಯೇ ಕುಳಿತು ಅದನ್ನು ಮುಗಿಸುವುದು ಆಗದೆ, ೧೮೮೩ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಪುನಃ ಈ ದೇಶಕ್ಕೆ ಬಂದರು. ಕೊನೆಯದಾಗಿ ಹೊರಟುದು ೧೮೯೨ರಲ್ಲಿ. ಎರಡು ವರ್ಷಗಳ ಅನಂತರ, ೧೮೯೪ರಲ್ಲಿ, ಸುಮಾರು ೭೦,೦೦೦ ಶಬ್ದಗಳುಳ್ಳ, ೧,೭೦೦ಕ್ಕೂ ಹೆಚ್ಚು ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಹೊರಬಿದ್ದಿತು.

ಈ ನಿಘಂಟಿನ ವೈಶಿಷ್ಟ್ಯವನ್ನು ಒಂದು ಸಣ್ಣ ಉದಾಹರಣೆಯಿಂದ ತಿಳಿಯಬಹುದು. ‘ಬಾಳು’ ಎಂಬ ಶಬ್ದಕ್ಕೆ ಜೀವನವೆಂದು ಅರ್ಥ. ಹಳೆಯ ಕಾವ್ಯಗಳಲ್ಲಿ ಕತ್ತಿಯೆಂಬ ಅರ್ಥವೂ ಉಂಟು. ಜೀವನಕ್ಕೂ ಕತ್ತಿಗೂ ಏನು ಸಂಬಂಧವೆಂದು ಇಂದಿನ ಓದುಗನು ಬೆರಗಾಗಬಹುದು. ಸಂಬಂಧವೇನೂ ಇಲ್ಲ, ಅವು ಎರಡು ಬೇರೆ ಬೇರೆ ಶಬ್ದಗಳು. ಕತ್ತಿಯೆಂಬುದು ‘ಬಾಳ್’; ಬದುಕು ಎಂಬುದು ‘ಬಾೞ್’. ಎರಡನೆಯದರಲ್ಲಿರುವ ‘ೞ’ ಅಕ್ಷರವು ನಮ್ಮ ಬಾಯಿಂದ ಎಷ್ಟೋ ಶತಮಾನಗಳ ಹಿಂದೆಯೇ ಜಾರಿಹೋಗಿ, ಎರಡು ಶಬ್ದಗಳೂ ಒಂದೇ ರೂಪವನ್ನು ತಾಳಿದವು. ತಮಿಳರ ಬಾಯಲ್ಲಿ ಆ ಭೇದವು ಇಂದಿಗೂ ಉಳಿದಿದೆ. ಕೇಶಿರಾಜನು ತನ್ನ ವ್ಯಾಕರಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿಟ್ಟಿದ್ದನು. ಕಿಟ್ಟೆಲರು ಇಂತಹ ಶಬ್ದಗಳನ್ನು ಬೇರ್ಪಡಿಸಿ ತೋರಿಸಿ, ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸಮಾನ ರೂಪಗಳನ್ನು ಪಕ್ಕದಲ್ಲಿ ಇಟ್ಟು, ಶಬ್ದವು ಯಾವ ಗ್ರಂಥದಲ್ಲಿ ಬಂದಿದೆಯೆಂಬುದನ್ನೂ ಸೂಚಿಸಿದರು. ಕನ್ನಡವು ಸಂಸ್ಕೃತದಿಂದ ಪಡೆದುದೇ ಸರ್ವಸ್ವವೆಂಬ ನಂಬಿಕೆ ಇದ್ದ ಕಾಲದಲ್ಲಿ, ಸಂಸ್ಕೃತ ಕೋಶಗಳಲ್ಲಿಯೇ ದ್ರಾವಿಡ ಮೂಲದವೆಂದು ತಮಗೆ ತೋರಿದ ನಾನೂರಕ್ಕೂ ಮಿಕ್ಕ ಶಬ್ದಗಳನ್ನು ಪೀಠಿಕೆಯಲ್ಲಿ ಪಟ್ಟಿಮಾಡಿದರು. ಅವುಗಳಲ್ಲಿ ಎಲ್ಲವನ್ನೂ ಮುಂದಿನ ವಿದ್ವಾಂಸರು ಒಪ್ಪಿಲ್ಲ. ಆದರೆ ಆ ದಿಕ್ಕಿನಲ್ಲಿ ನೋಡಲು ಕಲಿಸಿದವರಲ್ಲಿ ಅವರೊಬ್ಬರು. ಇದರೊಂದಿಗೆ ಗಾದೆಗಳೂ, ಒಗಟುಗಳೂ, ಗಿಡಮರಗಳ ಹೆಸರುಗಳೂ, ಹಳ್ಳಿಯ ನುಡಿಗಳೂ ಆ ಪುಟಗಳಲ್ಲಿ ತುಂಬಿವೆ.

ಇಷ್ಟೂ ಒಬ್ಬರಿಂದ ಆದುದಲ್ಲವೆಂಬುದನ್ನು ಮರೆಯಬಾರದು. ಓಲೆಗರಿಯ ಪ್ರತಿಗಳನ್ನು ತಂದುಕೊಟ್ಟವರು, ಅರ್ಥವನ್ನು ಬಿಡಿಸಿದ ಪಂಡಿತರು, ಹಳ್ಳಿಯ ಮಾತುಗಳನ್ನು ಹೇಳಿದ ಒಕ್ಕಲುಮಕ್ಕಳು, ಮೊಳೆ ಜೋಡಿಸಿದ ಕೆಲಸಗಾರರು, ಇವರೆಲ್ಲರೂ ಕನ್ನಡಿಗರೇ. ಅವರ ಹೆಸರುಗಳಲ್ಲಿ ಬಹುಪಾಲು ನಮಗೆ ಉಳಿದಿಲ್ಲ. ಪಾದ್ರಿಯ ದೊಡ್ಡತನವನ್ನು ಹೊಗಳುವಾಗ, ಪರದೇಶಿಯೊಬ್ಬನಿಗೆ ತಮ್ಮ ವಿದ್ಯೆಯನ್ನು ಬಚ್ಚಿಡದೆ ಕೊಟ್ಟ ಈ ಅಜ್ಞಾತ ಗುರುಗಳನ್ನೂ ನೆನೆಯುವುದು ನ್ಯಾಯ.

ನಮ್ಮ ಮೈಸೂರು ಸೀಮೆಯಲ್ಲಿಯೂ ಇಂತಹ ದೀರ್ಘವಾಸಿಗಳು ಇದ್ದರು. ಫ್ರಾನ್ಸಿನ ಅಬ್ಬೆ ದುಬಾಯಿಯವರು ೧೭೯೨ರಲ್ಲಿ ಇಂಡಿಯಾಕ್ಕೆ ಬಂದು, ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಲ್ಲಿಯ ಕ್ರೈಸ್ತರ ನಡುವೆ ನೆಲಸಿದರು. ದೇಶೀಯರ ಉಡುಪನ್ನು ಧರಿಸಿ, ದೇಶೀಯರ ಆಹಾರವನ್ನು ಉಂಡರು. ಜನರು ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಿಡುಬಿನ ಕಾಲದಲ್ಲಿ ಸಾವಿರಾರು ಜನರಿಗೆ ದೇವಿ ಹಾಕಿಸುವುದರಲ್ಲಿ ಶ್ರಮಿಸಿದರು. ಮೂವತ್ತೊಂದು ವರ್ಷಗಳ ಬಳಿಕ, ೧೮೨೩ರಲ್ಲಿ, ಸ್ವದೇಶಕ್ಕೆ ಮರಳಿ, ಹಿಂದೂಗಳನ್ನು ಮತಾಂತರಗೊಳಿಸುವುದು ಆಗಿನ ಸ್ಥಿತಿಯಲ್ಲಿ ಆಗದ ಮಾತೆಂದು ಬಹಿರಂಗವಾಗಿ ಬರೆದರು. ಹಿಂದೂ ಆಚಾರವ್ಯವಹಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥದ ಬಹುಭಾಗವು ಅವರಿಗಿಂತ ಹಿಂದೆ ಇದ್ದ ಕೇರ್ದು ಎಂಬ ಪಾದ್ರಿಯ ಬರಹದಿಂದ ಬಂದುದೆಂದು ೧೯೮೦ರ ದಶಕದಲ್ಲಿ ನಡೆದ ಸಂಶೋಧನೆ ತೋರಿಸಿದೆ. ಹೀಗೆ ಅವರ ಕೀರ್ತಿಯು ಸ್ವಲ್ಪ ಕುಂದಿದರೂ ದೇವಿ ಹಾಕಿಸಿದುದು ಸುಳ್ಳಾಗುವುದಿಲ್ಲ.

ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಬೆಂಜಮಿನ್ ರೈಸರು ೧೮೩೭ರಿಂದ ೧೮೮೭ರಲ್ಲಿ ತೀರಿಕೊಳ್ಳುವವರೆಗೆ ಐವತ್ತು ವರ್ಷ ದುಡಿದರು. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಅವರ ಮಗ ಲೂಯಿ ರೈಸರು ಪಾದ್ರಿಯಾಗಲಿಲ್ಲ. ಮೈಸೂರು ಸಂಸ್ಥಾನದ ನೌಕರಿಯಲ್ಲಿದ್ದು, ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ಹೊರತಂದು ನಮ್ಮ ಇತಿಹಾಸಕ್ಕೆ ಅಡಿಪಾಯವನ್ನು ಹಾಕಿದರು. ಮೈಸೂರಿನವರು ‘ಮಿಷನ್ ಆಸ್ಪತ್ರೆ’ ಎಂದು ಕರೆಯುವುದು ವೆಸ್ಲಿಯನ್ ಮಿಷನ್ನಿನವರು ೧೯೦೬ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು. ಪರಪುರುಷನಾದ ವೈದ್ಯನಿಗೆ ಕೈನಾಡಿಯನ್ನು ತೋರಿಸಲೂ ಹಿಂಜರಿಯುತ್ತಿದ್ದ ಹೆಂಗಸರಿಗೆ ಅದು ಎಷ್ಟು ದೊಡ್ಡ ಆಸರೆಯಾಗಿದ್ದಿತೆಂಬುದನ್ನು ಹಳೆಯ ಮನೆತನದವರು ಬಲ್ಲರು.

ಬಾಸೆಲಿನವರ ಕಥೆಗೆ ಅಡ್ಡಗೆರೆಯನ್ನು ಎಳೆದುದು ಒಂದು ಮಹಾಯುದ್ಧ. ೧೯೧೪ರಲ್ಲಿ ಇಂಗ್ಲೆಂಡಿಗೂ ಜರ್ಮನಿಗೂ ಯುದ್ಧವು ಹುಟ್ಟಿದೊಡನೆ, ನಿನ್ನೆಯವರೆಗೂ ಶಾಲೆಯ ಮೇಷ್ಟರೂ ಕಾರ್ಖಾನೆಯ ಮೇಲ್ವಿಚಾರಕರೂ ಆಗಿದ್ದ 'ಜರ್ಮನ್ ದೊರೆಗಳು' ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟು, ಬಳಿಕ ಹಡಗಿನಲ್ಲಿ ಸ್ವದೇಶಕ್ಕೆ ಸಾಗಿಸಿದರು. ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ೧೯೧೯ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ವಶವಾದವು. ಯುದ್ಧದ ಅನಂತರ ಕೆಲವರು ಹಿಂದಿರುಗಿದರೂ ಮೊದಲಿನ ಕಾಲ ಮರಳಲಿಲ್ಲ. ಆಗ ಇಲ್ಲಿಯ ಸಭೆಗಳನ್ನು ನಡೆಯಿಸಿದವರು ಇಲ್ಲಿಯವರೇ. ಮುಂದೆ ಅವು ದಕ್ಷಿಣ ಇಂಡಿಯಾ ಸಭೆಯಲ್ಲಿ ಸೇರಿದವು.

ಹಾಗಾದರೆ ಇವರ ವಿಷಯದಲ್ಲಿ ನಮ್ಮ ತೀರ್ಪೇನು? ಬಂದವರ ಉದ್ದೇಶದಿಂದಲೇ ಅಳೆದರೆ ಅವರು ಗೆದ್ದುದು ಸ್ವಲ್ಪ. ಕನ್ನಡನಾಡು ತನ್ನ ದೇವರುಗಳನ್ನು ಬಿಡಲಿಲ್ಲ. ಅವರು ಆಡಿದ ಕಟುವಾದ ಮಾತುಗಳನ್ನು ಮರೆಮಾಡಬೇಕಾದ ಅಗತ್ಯವಿಲ್ಲ. ಒಡೆದ ಮನೆಗಳ ದುಃಖವನ್ನು ಲೆಕ್ಕದಿಂದ ಬಿಡಲೂ ಬಾರದು. ಆದರೆ ಇದೇ ಜನರು, ದೀರ್ಘಕಾಲ ಇಲ್ಲಿದ್ದುದರಿಂದ, ತಾವು ಎಣಿಸದೆ ಇದ್ದ ಇನ್ನೊಂದು ಕೆಲಸಕ್ಕೆ ಒಳಗಾದರು. ಖಂಡಿಸಲೆಂದು ತೆರೆದ ಪುಸ್ತಕವು ಅವರನ್ನು ಹಿಡಿದು ಕುಳ್ಳಿರಿಸಿತು. ೧೮೫೩ರಲ್ಲಿ ಇಪ್ಪತ್ತೊಂದರ ಯುವಕನಾಗಿ ಬಂದ ಕಿಟ್ಟೆಲರು ಎರಡು ವರ್ಷ ಇದ್ದು ಹೊರಟುಹೋಗಿದ್ದರೆ ನಮಗೆ ಉಳಿಯುತ್ತಿದ್ದುದು ಒಂದೆರಡು ಖಂಡನೆಯ ಹೊತ್ತಗೆಗಳು ಮಾತ್ರ. ಉಳಿದುದರಿಂದ ನಿಘಂಟು ದೊರೆಯಿತು. ಅವರು ಕನ್ನಡ ವ್ಯಾಕರಣವೊಂದನ್ನೂ ಬರೆದು, ಅದು ಪ್ರಕಟವಾದ ೧೯೦೩ನೆಯ ವರ್ಷದಲ್ಲಿಯೇ ಟ್ಯೂಬಿಂಗೆನಿನಲ್ಲಿ ಕಣ್ಣುಮುಚ್ಚಿದರು.

ಇದರಲ್ಲಿ ನಮಗೂ ಒಂದು ಪ್ರಶ್ನೆಯಿದೆ. ಈಗ ನಮ್ಮ ಮನೆಗಳಿಂದಲೂ ಮಕ್ಕಳು ಕಡಲಾಚೆಗೆ ಹೋಗಿ ಹತ್ತಾರು ವರ್ಷ ನೆಲಸುತ್ತಾರೆ. ಆಯಾ ದೇಶದ ಉದ್ಯೋಗವನ್ನು ಅವರು ಚೆನ್ನಾಗಿ ಬಲ್ಲರು. ಅಲ್ಲಿಯ ರೈತನ ಗಾದೆಯನ್ನೂ, ಅಜ್ಜಿಯ ಕಥೆಯನ್ನೂ, ಹಳೆಯ ಕಾವ್ಯವನ್ನೂ ಕಲಿತು, ಆ ಜನರಿಗೇ ತಿರುಗಿ ಒಪ್ಪಿಸುವಷ್ಟು ಬಲ್ಲವರು ಎಷ್ಟು ಮಂದಿ? ದೂರವೇಕೆ, ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ನೆರೆಮನೆಯ ಭಾಷೆಯನ್ನು ಕಲಿಯದವರು ಎಷ್ಟು ಮಂದಿ?

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಹಿರಿಯರು ಹೇಳಿದ್ದಾರೆ. ದೇವಋಣವು ಯಜ್ಞದಿಂದ ತೀರುತ್ತದೆ, ಪಿತೃಋಣವು ಸಂತಾನದಿಂದ. ಜ್ಞಾನವನ್ನು ಕೊಟ್ಟವರಿಗೆ ಸಲ್ಲಬೇಕಾದ ಋಷಿಋಣವು ಅಧ್ಯಯನವೊಂದರಿಂದಲೇ ತೀರತಕ್ಕದ್ದು. ಕೊಟ್ಟವನ ಮತ ಯಾವುದೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಮರಿಯಪ್ಪ ಭಟ್ಟರು ಈ ನಿಘಂಟನ್ನು ಪರಿಷ್ಕರಿಸಿ, ವಿಸ್ತರಿಸಿ, ಮದರಾಸು ವಿಶ್ವವಿದ್ಯಾನಿಲಯದ ಮೂಲಕ ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದು ಈ ಋಣದ ಒಂದು ಭಾಗವನ್ನು ತೀರಿಸಿದರು. ಉಳಿದ ಭಾಗ ನಮ್ಮದು. ನಮ್ಮ ಊರಿನ ಪುಸ್ತಕಭಂಡಾರದಲ್ಲಿ ಆ ದಪ್ಪನಾದ ಗ್ರಂಥವು ಇದ್ದೀತು. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ಧೂಳನ್ನು ಒರಸಿ, ನಮ್ಮ ತಾಯಿ ದಿನವೂ ಆಡುತ್ತಿದ್ದ ಒಂದು ಮಾತನ್ನು ಅದರಲ್ಲಿ ಹುಡುಕಿ ನೋಡೋಣ.